ಕೌದಿಯ ಮೂಲೆಯ ಐದು ಕಾಳು

ನನ್ನ ಸೂಜಿ ಡಬ್ಬಿಯಲ್ಲಿ ಹುರಿದ ಜೋಳ ಯಾಕಿದೆ ಎಂದು ನೀವು ಮೊಮ್ಮಕ್ಕಳು ರಜೆಗೆ ಬಂದಾಗಲೆಲ್ಲ ಕೇಳುತ್ತೀರಿ. ಹೋದ ಸಲ ನಿಮ್ಮಲ್ಲೊಬ್ಬಳು ಅದನ್ನು ತಿಂದೂಬಿಟ್ಟಳು. ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಹಲಬರ್ಗಾದ ಶಾಲೆಯಲ್ಲಿ ನಾನು ಓದಿದ್ದು ಏಳನೆಯ ತರಗತಿಯವರೆಗೆ. ಕೌದಿ ಹೊಲಿಯಲು ಕಲಿತದ್ದು ಅವ್ವನ ಹತ್ತಿರ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಒಂದು ಮೂಲೆಯಿಂದ ಶುರುಮಾಡಿ ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಹೋಗಬೇಕು. ಕಡೆಯ ಮೂಲೆ ಮುಚ್ಚುವ ಮುಂಚೆ ಅವ್ವ ಅದರೊಳಗೆ ರೊಟ್ಟಿಯ ಒಂದು ಚೂರು ಇಡುತ್ತಿದ್ದಳು. ಕೌದಿಯ ಹೊಟ್ಟೆ ಖಾಲಿ ಇದ್ದರೆ ಹೊದ್ದವರ ಹೊಟ್ಟೆಯೂ ತುಂಬುವುದಿಲ್ಲ ಎಂದು ಅವಳ ನಂಬಿಕೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಭಾಲ್ಕಿಯ ಈ ಮನೆಗೆ ಬಂದೆ. ಕೈ ಸುಮ್ಮನಿರಲಿಲ್ಲ, ಮನೆಯವರಿಗೆಲ್ಲ ಒಂದೊಂದು ಕೌದಿ ಹೊಲಿದೆ. ಮಾಳಿಗೆಯ ಮೇಲೆ ಒಣಹಾಕಿದ್ದನ್ನು ಕಂಡ ನೆರೆಮನೆಯಾಕೆ ಬೀದರಿನಲ್ಲಿದ್ದ ತನ್ನ ಪರಿಚಯದ ಟೀಚರೊಬ್ಬರಿಗೆ ಹೇಳಿದಳು. ಅವರು ತೀರಿಹೋದ ತಮ್ಮ ತಾಯಿಯ ಐದು ಸೀರೆ ಕಳಿಸಿದರು. ಹೊರಗಿನವರಿಗೆ ನಾನು ಹೊಲಿದ ಮೊದಲ ಕೌದಿ ಅದು. ಇದು ಅವರ ಮನಸ್ಸಿಗೆ ಬಂದರೆ ಇದೇ ಕೆಲಸ ಹಿಡಿಯುತ್ತೇನೆ, ಬರದಿದ್ದರೆ ಸೂಜಿ ಎತ್ತಿಡುತ್ತೇನೆ ಎಂದು ಯಾರಿಗೂ ಹೇಳದೆ ನಿಶ್ಚಯಿಸಿದ್ದೆ.

ಕಡೆಯ ಮೂಲೆಗೆ ಬಂದಾಗ ಅನುಮಾನ ಬಂತು. ಪಟ್ಟಣದ ಮನೆ, ರೊಟ್ಟಿಗೆ ಇರುವೆ ಮುತ್ತಿದರೆ? ಬಲು ಜಾಣೆಯಂತೆ ಊರಿನಿಂದ ತಂದಿದ್ದ ಬೀಜದ ಜೋಳದಲ್ಲಿ ಐದು ಕಾಳು ತೆಗೆದು ಒಳಗಿಟ್ಟು ಹೊಲಿದು ಕಳಿಸಿದೆ.

ಮಳೆಗಾಲದಲ್ಲಿ ಒಂದು ದಿನ ಟೀಚರ್ ಫೋನ್ ಮಾಡಿದರು.

"ಕಾಕು, ಕೌದಿ ಒಗದು ಹಾಕಿದ್ದೆ. ಮಳಿ ಹಿಡೀತು, ನಾಕೈದು ದಿನ ಒಣಗಲೇ ಇಲ್ಲ. ಈಗ ನೋಡಿದ್ರ ಮೂಲ್ಯಾಗ ಏನೋ ಹಸರು ಎದ್ದದ. ಒಮ್ಮಿ ಬಂದು ನೋಡ್ರಿ."

ಬೇರೆ ಬಟ್ಟೆಯಾದರೆ ಕೊಂಡುಕೊಡಬಹುದು, ಅವರ ತಾಯಿಯ ಸೀರೆ ಎಲ್ಲಿಂದ ತರಲಿ? ಬೀದರ್ ಬಸ್ಸಿನಲ್ಲಿ ಉದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಕಲಿಯುತ್ತ ಹೋದೆ.

ನಾನು ಮನೆ ತಲುಪಿದಾಗ ಟೀಚರ ತಂದೆ ಕನ್ನಡಕ ಹಾಕಿಕೊಂಡು, ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಔರಾದ್ ಕಡೆಯ ಎಕಂಬಾದಲ್ಲಿ ಜೀವಮಾನವೆಲ್ಲ ಒಕ್ಕಲುತನ ಮಾಡಿದವರು.

"ಜೋಳ ಇಟ್ಟಿದ್ಯೇನು ತಂಗಿ?"

ನಾನು ತಲೆ ಎತ್ತಲಿಲ್ಲ. "ಹೌದ್ರಿ ಅಣ್ಣಾರ. ಕೌದಿ ಹೊಟ್ಟಿ ಖಾಲಿ ಇರಬಾರದಂತ ನಮ್ಮವ್ವ ರೊಟ್ಟಿ ಇಡ್ತಿದ್ಳು. ಇರುವಿ ಬರ್ತಾವಂತ ನಾ ಕಾಳು ಇಟ್ಟೆ. ತಪ್ಪಾಗ್ಯಾದ್ರಿ."

"ಎಷ್ಟು ಇಟ್ಟಿದ್ದಿ?"

"ಐದ್ರಿ."

"ಐದಕ್ಕ ಐದೂ ಹುಟ್ಟ್ಯಾವ!" ಎಂದು ಅವರು ಮಗಳ ಕಡೆ ತಿರುಗಿದರು. "ಇಷ್ಟು ವರ್ಷ ಬಿತ್ತೀನಿ, ಹಿಂಗ ಒಂದೂ ತಪ್ಪದೆ ಹುಟ್ಟಿದ್ದು ಕಂಡಿಲ್ಲ. ನಿಮ್ಮವ್ವನ ಸೀರಿ ನಮ್ಮ ಎರಿ ಹೊಲಕ್ಕಿಂತ ಚಲೋ ಅದ ನೋಡು!"

"ನಿಮಗ ಬೆಳಿ ಚಿಂತಿ ಅಪ್ಪಾ, ನನಗ ಸೀರಿ ಚಿಂತಿ," ಎಂದರು ಟೀಚರ್. ಅವರು ನಗಲಿಲ್ಲ.

ನಾನು ಮೂಲೆಯ ಹೊಲಿಗೆ ಬಿಚ್ಚಿದೆ. ಬೇರುಗಳು ಎಳೆಗಳ ನಡುವೆ ಸೇರಿಕೊಂಡಿದ್ದವು. ಸೂಜಿಯ ಮೊನೆಯಿಂದ ಒಂದೊಂದನ್ನೇ ಬಿಡಿಸಿದೆ. ಸೀರೆ ಹರಿದಿರಲಿಲ್ಲ, ಆದರೆ ಹೆಬ್ಬೆರಳಷ್ಟು ಹಳದಿ ಕಲೆ ಉಳಿಯಿತು. ಟೀಚರ್ ಅದನ್ನು ಉಜ್ಜಿ ನೋಡಿದರು. ಹೋಗಲಿಲ್ಲ.

"ಅಡಗಿ ಮಾಡಿ ಅವ್ವ ಸೆರಗಿಗೇ ಕೈ ಒರಸ್ತಿದ್ಳು," ಎಂದರು ಅವರು ಕಡೆಗೆ. "ಯಾವಾಗ್ಲೂ ಅರಿಶಿಣದ ಕಲಿ ಇರ್ತಿತ್ತು. ಇದೂ ಒಂದು ಇರಲಿ ಬಿಡ್ರಿ."

ನಾನು ಒಳಗೆ ಏನೂ ಇಡದೆ ಮೂಲೆ ಮುಚ್ಚಲು ಹೋದೆ. ಅವರು ನನ್ನ ಕೈ ಹಿಡಿದರು. "ಖಾಲಿ ಹೊಟ್ಟಿಲೆ ಮುಚ್ಚಬ್ಯಾಡ್ರಿ ಕಾಕು." ಒಳಗೆ ಹೋಗಿ ಹಂಚಿನ ಮೇಲೆ ಐದು ಕಾಳು ಹುರಿಯತೊಡಗಿದರು.

"ಕರ್ರಗ ಹುರಿಯವ್ವಾ!" ಎಂದು ತಂದೆ ಕೂಗಿದರು. "ಇಲ್ಲಂದ್ರ ಬರೋ ವರ್ಷ ಮಾಳಿಗಿ ಮ್ಯಾಲ ರಾಶಿ ಮಾಡಬೇಕಾಗ್ತದ!"

ಆಗ ಟೀಚರೂ ನಕ್ಕರು. ನನಗಂತೂ ನಗು ತಡೆಯದೆ ಸೂಜಿ ಬೆರಳಿಗೆ ಚುಚ್ಚಿತು. ಟೀಚರ ತಂದೆ ಆ ಐದು ಸಸಿಗಳನ್ನು ಒಂದು ಹಳೆಯ ಡಬ್ಬಿಯಲ್ಲಿ ನೆಟ್ಟರು.

ಹೊರಡುವಾಗ ಟೀಚರ್ ಹಳೆಯ ಸೀರೆಗಳ ಒಂದು ಗಂಟು ತಂದರು. "ನಮ್ಮ ಸಾಲಿ ಅಕ್ಕೋರು ಒಬ್ರು ಕೊಟ್ಟಾರ. ಹೊಲಿತೀರೇನ್ರಿ?"

"ಹೊಲಿತೇನ್ರಿ!" ಎಂದೆ. ಬೇರೆಯವರ ಮನೆಯಲ್ಲಿ ಅಷ್ಟು ಜೋರಾಗಿ ನಾನು ಎಂದೂ ಮಾತಾಡಿರಲಿಲ್ಲ.

ಭಾಲ್ಕಿಗೆ ಮರಳುವ ಬಸ್ಸಿನಲ್ಲಿ ಗಂಟು ಬಿಚ್ಚಿ, ಯಾವ ಸೀರೆ ಮೇಲೆ ಬರಬೇಕು, ಯಾವುದು ಒಳಗೆ ಎಂದು ನೋಡುತ್ತ ಕೂತೆ. ಪಕ್ಕದಲ್ಲಿದ್ದ ಮೆಹಕರದ ಹೆಂಗಸು ಹಸಿರನ್ನು ಮೇಲೆ ಹಾಕಿ ಎಂದಳು. ನಾನು ಒಪ್ಪಲಿಲ್ಲ. ಊರು ಬರುವವರೆಗೂ ಅವಳ ಜೊತೆ ವಾದ ಮಾಡಿದೆ.

ಅಂದಿನಿಂದ ಹೊಲಿಯುತ್ತಲೇ ಇದ್ದೇನೆ. ಕಡೆಯ ಮೂಲೆ ಹತ್ತಿರವಾದಂತೆ ಬೇಕೆಂದೇ ಕೈ ನಿಧಾನ ಮಾಡುತ್ತೇನೆ, ಕೆಲಸ ಮುಗಿಯುತ್ತದಲ್ಲ ಎಂದು. ಡಬ್ಬಿಯಲ್ಲಿರುವ ಕಾಳು ಕೌದಿಯವು. ನಿಮಗೆ ಬೇಕಾದರೆ ಕೇಳಿ, ಬೇರೆ ಹುರಿದು ಕೊಡುತ್ತೇನೆ.