ಮಹಾನಂದಾ ಬಾಗಲಕೋಟೆಯಲ್ಲಿ ಉಳಿದ ದಿನ

ಇಳಕಲ್ಲಿನ ನೇಕಾರ ಓಣಿಯಲ್ಲಿ ಸೋಮಲಿಂಗನ ಸೀರೆಗೆ ಒಳ್ಳೆಯ ಹೆಸರಿದೆ. ಆ ಸೀರೆಗೆಂದು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುವವಳು, ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಕೂಡಿಸುವವಳು, ಮಗ್ಗದ ಕುಣಿಯಲ್ಲಿ ಕೂತವನ ಕೈಗೆ ಹೊತ್ತುಹೊತ್ತಿಗೆ ಚಹಾ ಕೊಡುವವಳು ಅವನ ಹೆಂಡತಿ ಮಹಾನಂದಾ. ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಮನೆಯಲ್ಲೇ ಇರುತ್ತೇನೆ ಎನ್ನುತ್ತಿದ್ದಳು.

ಅವರ ಮಗ ಸಚಿನನಿಗೆ ಹತ್ತು ವರ್ಷ. ಅವನ ಕುತ್ತಿಗೆಯ ಹಿಂದೆ ಕಪ್ಪು ಪಟ್ಟಿಯೊಂದು ಮೂಡಿತ್ತು. ಬಣ್ಣದ ನೂಲಿನ ಮನೆ, ಬೆವರಿಗೆ ಕೊಳೆ ಕೂತಿದೆ ಎಂದು ಎಲ್ಲರೂ ತಿಳಿದರು. ಮಗನ ಕುತ್ತಿಗೆ ತೊಳೆಯಲೂ ಈಕೆಗೆ ಬಾರದು ಎಂದು ಅತ್ತೆ ಶೇಖವ್ವ ಓಣಿಗೆ ಕೇಳುವಂತೆ ಅನ್ನುತ್ತಿದ್ದಳು. ಮಹಾನಂದಾ ಕಡಲೆಹಿಟ್ಟು ಹಚ್ಚಿದಳು, ನಿಂಬೆಹೋಳು ತಿಕ್ಕಿದಳು. ಹುಡುಗ ಉರಿಯೆಂದು ಅತ್ತರೂ ಪಟ್ಟಿ ಹೋಗಲಿಲ್ಲ.

ಸಾಲೆಗೆ ತಪಾಸಣೆಗೆ ಬಂದಿದ್ದ ಡಾಕ್ಟರು ಅದು ಕೊಳೆಯೇ ಅಲ್ಲ ಎಂದರು. ತಿಂದ ಸಕ್ಕರೆಯನ್ನು ಅರಗಿಸಿಕೊಳ್ಳಲು ಮೈ ಒದ್ದಾಡುವಾಗ ಚರ್ಮ ಹೀಗೆ ಕಪ್ಪಾಗುತ್ತದಂತೆ. ಹುಡುಗನ ತೂಕ ನೋಡಿ, ಮಹಾನಂದಾಳನ್ನು ಕರೆಸಿ, ನಿಮಗೆ ಅಂಡಾಶಯದ ತೊಂದರೆ, ಪಿಸಿಓಡಿ, ಇತ್ತೇ ಎಂದು ಕೇಳಿದರು. ಅಂಥ ತಾಯಂದಿರ ಮಕ್ಕಳಲ್ಲಿ ಕೆಲವರಿಗೆ ಸಕ್ಕರೆ, ಕೊಬ್ಬು, ರಕ್ತದೊತ್ತಡ ಬೇಗ ಏರಬಹುದು, ಮುಂದೆ ಹೃದಯಕ್ಕೂ ತೊಂದರೆಯಾಗಬಹುದು, ಒಮ್ಮೆ ಬಾಗಲಕೋಟೆಗೆ ಹೋಗಿ ತೋರಿಸಿ ಎಂದರು.

ಇತ್ತು. ಮದುವೆಯಾದ ಹೊಸದರಲ್ಲಿ ಅವಳು ತಿಂಗಳುಗಟ್ಟಲೆ ಮುಟ್ಟಾಗುತ್ತಿರಲಿಲ್ಲ. ಗದ್ದದ ಮೇಲೆ ಮೂಡುವ ಕೂದಲನ್ನು ಬಾಗಿಲು ಹಾಕಿಕೊಂಡು ಮಗ್ಗದ ರೇಷ್ಮೆ ಎಳೆಯಿಂದಲೇ ಕೀಳುತ್ತಿದ್ದಳು. ಮಕ್ಕಳಾಗಲೆಂದು ಶೇಖವ್ವ ಸೊಸೆಯನ್ನು ಮಹಾಕೂಟದ ಗುಡಿಗೆ ಕರೆದೊಯ್ದು ಹೊಂಡದಲ್ಲಿ ಮುಳುಗಿಸಿ ತಂದಿದ್ದಳು. ಕೊನೆಗೆ ಡಾಕ್ಟರೊಬ್ಬರು ರೋಗದ ಹೆಸರು ಹೇಳಿ ಗುಳಿಗೆ ಕೊಟ್ಟ ಮೇಲೆ ಸಚಿನ ಹುಟ್ಟಿದ. ಬಸಿರಿಗೆ ಅಡ್ಡ ಬಂದ ರೋಗ ಮಗು ಹುಟ್ಟಿದೊಡನೆ ತೀರಿತೆಂದು ಆ ಹೆಸರನ್ನು ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಈಗ ಡಾಕ್ಟರ ಮಾತು ಕೇಳಿ ಶೇಖವ್ವ ನಕ್ಕಳು. “ಹೆಂಗಸರ ಬ್ಯಾನಿ ಗಂಡಹುಡುಗಗ ಹೆಂಗ ಬರ್ತೈತಿ? ಮೈ ತುಂಬಿಕೊಂಡಾನ, ಮಂದಿ ಕಣ್ಣ ಬಿದ್ದೈತಿ ಅಷ್ಟ.”

ಮಹಾನಂದಾಳಿಗೆ ನಗು ಬರಲಿಲ್ಲ. ತನ್ನ ಹೊಟ್ಟೆಯಿಂದಲೇ ಮಗನಿಗೆ ಕೇಡು ಹೋಗಿದೆಯೇನೋ ಎಂಬ ಅಂಜಿಕೆ ಒಲೆಯ ಮುಂದೆ, ರಾಟೆಯ ಮುಂದೆ, ಎಲ್ಲಿ ಕೂತರೂ ಜೊತೆಗೆ ಕೂರುತ್ತಿತ್ತು. ಒಂದು ದಿನ ಊರು ಬಿಡಬೇಕೆಂದರೂ ಅವಳು ಮೊದಲೇ ದುಡಿದಿಡಬೇಕು. ಗಂಡನ ಮಗ್ಗ ನಿಲ್ಲದಷ್ಟು ಕಂಡಿಕೆ ಸುತ್ತಿದಳು, ರೊಟ್ಟಿ ಬಡಿದು ಬಟ್ಟೆ ಮುಚ್ಚಿಟ್ಟಳು. ರಾತ್ರಿ ಊಟವಾದ ಮೇಲೆ ನೀರಿನ ಹೊರತು ಏನೂ ಕೊಡಬಾರದು ಎಂದು ದವಾಖಾನೆಯವರು ಫೋನಿನಲ್ಲಿ ಹೇಳಿದ್ದನ್ನು ಮನೆಯವರಿಗೆಲ್ಲ ಹೇಳಿದಳು. ಮೊಮ್ಮಗ ಹಸಿದು ಹೋಗುತ್ತಾನೆಂದು ಶೇಖವ್ವಳೂ ಹೊರಟಳು.

ನಸುಕಿನ ಬಸ್ಸು ಹುನಗುಂದ ದಾಟಿ ಅಮೀನಗಡದಲ್ಲಿ ನಿಂತಾಗ ಮಹಾನಂದಾ ಶೌಚಾಲಯ ಹುಡುಕಿಕೊಂಡು ಇಳಿದಳು. ವಾಪಸು ಬಂದಾಗ ಮಗ ಅಜ್ಜಿಗೆ ಒರಗಿ ಸುಮ್ಮನೆ ಕೂತಿದ್ದ.

ಬಾಗಲಕೋಟೆಯ ದವಾಖಾನೆಯಲ್ಲಿ ಸಚಿನನ ರಕ್ತ ತೆಗೆದರು. ಹೃದಯದ ಪರೀಕ್ಷೆಯೂ ಆಯಿತು. ಮಧ್ಯಾಹ್ನ ಡಾಕ್ಟರ್ ಪದ್ಮಶ್ರೀ ವರದಿ ನೋಡಿ ಹುಬ್ಬು ಗಂಟಿಕ್ಕಿದರು. ಖಾಲಿ ಹೊಟ್ಟೆಗೆ ಇಷ್ಟು ಸಕ್ಕರೆ ಇರಬಾರದು, ಇದು ಮಧುಮೇಹದ ಮಟ್ಟ ಎಂದರು. ಮಹಾನಂದಾ ಮಗನನ್ನು ಹತ್ತಿರಕ್ಕೆ ಎಳೆದುಕೊಂಡಳು. ಈ ವಯಸ್ಸಿಗೆ ಇನ್ಸುಲಿನ್ ಸೂಜಿಯೇ, ಇಡೀ ಜೀವಮಾನವೇ ಎಂಬ ಯೋಚನೆಯೇ ತಲೆ ತುಂಬಿತು.

ಡಾಕ್ಟರು ಹುಡುಗನತ್ತ ಬಾಗಿ ಮುಂಜಾನೆ ಏನು ತಿಂದೆ ಎಂದು ಕೇಳಿದರು. ಸಚಿನ ಅಜ್ಜಿಯ ಮುಖ ನೋಡಿದ.

“ಏನೂ ತಿಂದಿಲ್ರಿ,” ಎಂದಳು ಶೇಖವ್ವ. “ಅಮೀನಗಡದಾಗ ಕರದಂಟ ತಿಂದಾನ, ಅಷ್ಟ.”

“ಯಜಮಾನ್ತೀ, ಏನೂ ಕೊಡಬ್ಯಾಡ್ರಿ ಅಂತ ಹೇಳಿದ್ದಿಲ್ಲೇನ್ರಿ?” ಎಂದರು ಡಾಕ್ಟರು.

“ಅದು ಊಟ ಹೆಂಗ ಆಕ್ಕೈತ್ರೀ? ಅದರಾಗ ಜ್ವಾಳಿಲ್ಲ, ಅಕ್ಕಿಲ್ಲ. ಅಂಟು, ಕೊಬ್ಬರಿ, ಬೆಲ್ಲ. ಸೋಮವಾರ ಒಪ್ಪತ್ತಿದ್ದಾಗ ನಾನೂ ತಿಂತೇನಿ. ನಲವತ್ತ ವರ್ಷಾತು, ನನ್ನ ಒಪ್ಪತ್ತ ಒಮ್ಮೆಯೂ ಮುರದಿಲ್ಲ.”

ಡಾಕ್ಟರು ಕೈಯಲ್ಲಿದ್ದ ವರದಿಯನ್ನು ಕೆಳಗಿಟ್ಟು ನಕ್ಕೇಬಿಟ್ಟರು. ಶಿವನಿಗೆ ಒಪ್ಪಿಗೆಯಾದ ಒಪ್ಪತ್ತು ರಕ್ತಪರೀಕ್ಷೆಗೆ ಸಾಲದು, ನಾಳೆ ಮುಂಜಾನೆ ಮತ್ತೆ ಬನ್ನಿ ಎಂದರು. ಆಮೇಲೆ ಮಹಾನಂದಾಳನ್ನು ನೋಡಿ, ನಿಮ್ಮ ಸಕ್ಕರೆ ಯಾವಾಗ ನೋಡಿಸಿದ್ದಿರಿ ಎಂದು ಕೇಳಿದರು. ಹೆರಿಗೆಯಾದ ಮೇಲೆ ನೋಡಿಸಿಯೇ ಇರಲಿಲ್ಲ. ಯಾರೂ ಹೇಳಿರಲಿಲ್ಲ, ಅವಳಿಗೂ ಹೊಳೆದಿರಲಿಲ್ಲ. ಹಾಗಾದರೆ ನೀವೂ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದರು.

ರಾತ್ರಿ ಉಳಿಯಲು ಶೇಖವ್ವಳ ತಂಗಿ ಸಂಗವ್ವಳ ಮನೆ ಬಾಗಲಕೋಟೆಯ ನವನಗರದಲ್ಲೇ ಇತ್ತು. ಮಹಾನಂದಾ ಗಂಡನಿಗೆ ಫೋನು ಮಾಡಿ, ಇವತ್ತು ಬರುವುದಿಲ್ಲ ಎಂದು ಎಲ್ಲ ವಿವರಿಸಿದಳು. ಮಗನ ಬಗ್ಗೆ ಕೇಳಿದ ಮೇಲೆ ಸೋಮಲಿಂಗ, “ಹಂಗಾರ ನಾಳಿಗೆ ರೊಟ್ಟಿ?” ಎಂದ.

“ಹಿಟ್ಟ ಡಬ್ಬ್ಯಾಗ ಐತಿ,” ಎಂದು ಅವಳು ಫೋನು ಇಟ್ಟಳು.

ಮರುದಿನ ಮುಂಜಾನೆ ಸಂಗವ್ವ ಚಹಾ ತಂದಾಗ ಶೇಖವ್ವ ಲೋಟ ಮುಟ್ಟಲಿಲ್ಲ. ಸೊಸೆಯೂ ಮೊಮ್ಮಗನೂ ರಕ್ತ ಕೊಟ್ಟಾಗುವವರೆಗೆ ದವಾಖಾನೆಯ ಬೆಂಚಿನ ಮೇಲೆ ಸಚಿನನ ಕೈ ಬಿಡದೆ ಕೂತಳು. ಯಾರಾದರೂ ಬಂದು ಅವನ ಬಾಯಿಗೆ ಏನಾದರೂ ಇಟ್ಟಾರು ಎಂಬಂತೆ ಹೋಗಿಬರುವವರನ್ನು ದುರುಗುಟ್ಟಿ ನೋಡುತ್ತಿದ್ದಳು.

ಈ ಸಲ ಸಚಿನನ ಸಕ್ಕರೆ ಸರಿಯಿತ್ತು. ಹೃದಯ ಚೆನ್ನಾಗಿತ್ತು, ರಕ್ತದೊತ್ತಡವೂ. ಕೊಬ್ಬು ಮಾತ್ರ ತುಸು ಮೇಲಿತ್ತು. ಕುತ್ತಿಗೆಯ ಪಟ್ಟಿ ಮೈ ಕೊಟ್ಟ ಸೂಚನೆ, ತೂಕ ಇಳಿದರೆ ಅದೂ ತಿಳಿಯಾಗುತ್ತದೆ, ವರ್ಷಕ್ಕೊಮ್ಮೆ ನೋಡಿಸಿ ಎಂದರು ಡಾಕ್ಟರು. ಮಹಾನಂದಾಳ ಸಕ್ಕರೆಯೂ ಮಿತಿಯೊಳಗೇ ಇತ್ತು.

“ನನ್ನಿಂದ ಬಂತೇನ್ರಿ ಅವಗ?” ಎಂದು ಅವಳು ಕೊನೆಗೂ ಕೇಳಿದಳು.

“ಬರಬಹುದು ಅಂತ ಅಂಜಿದ್ದ ಸಕ್ಕರಿ ಬ್ಯಾನಿ ಬಂದಿಲ್ಲಲ್ಲರಿ. ಇನ್ನ ಬರದಂಗ ನೋಡ್ಕೋಬೇಕು. ಅದೂ ನೀವೊಬ್ಬರ ಅಲ್ಲ, ಮನಿಮಂದೆಲ್ಲಾ.”

ದಿನಾ ಒಂದು ತಾಸು ಓಡಾಟ, ಆಟ. ಎಲ್ಲರಿಗೂ ಒಂದೇ ಅಡಿಗೆ, ರೊಟ್ಟಿ ಪಲ್ಯ ಕಾಳು. ಸಿಹಿ ಹಬ್ಬಕ್ಕೆ ಮಾತ್ರ ಎಂದು ಡಾಕ್ಟರು ಹೇಳುತ್ತ ಹೋದರು. ಕೇಳುತ್ತ ಕೇಳುತ್ತ ಮಹಾನಂದಾ ರೂಢಿಯಂತೆ ಎಲ್ಲವನ್ನೂ ತನ್ನ ಹೊತ್ತಿನಲ್ಲಿ ಹೊಂದಿಸತೊಡಗಿದ್ದಳು. ಕಂಡಿಕೆ ಸುತ್ತುವ ಹೊತ್ತಿನಲ್ಲಿ ಮೈದಾನ, ಕೊಂಡಿ ಹಾಕುವ ಹೊತ್ತಿನಲ್ಲಿ ಪಲ್ಯ. ಮನಿಮಂದೆಲ್ಲಾ ಎಂಬ ಮಾತು ಕಿವಿಯಲ್ಲಿ ಉಳಿದಿತ್ತು. ಹೊಂದಿಸುವುದನ್ನು ನಿಲ್ಲಿಸಿದಳು.

ಹೊರಗಿನ ಕ್ಯಾಂಟೀನಿನಲ್ಲಿ ಕೂತು ಗಂಡನಿಗೆ ಫೋನು ಹಚ್ಚಿದಳು. ಸುದ್ದಿ ಕೇಳಿ ಅವನು ಮೂಗು ಏರಿಸಿದ್ದು ಕೇಳಿತು. ಆಮೇಲೆ, ಕಂಡಿಕೆ ತೀರಿದವೆಂದು ತಾನೇ ಸುತ್ತಲು ಕೂತದ್ದನ್ನೂ, ರಟ್ಟೆ ಬಿದ್ದುಹೋದದ್ದನ್ನೂ, ರೊಟ್ಟಿ ಬಾರದೆ ಖಾನಾವಳಿಗೆ ಹೋದದ್ದನ್ನೂ ಹೇಳಿಕೊಂಡ.

ಅವಳು ನಾಳೆಯಿಂದ ಸಂಜೆ ಮಗನನ್ನು ಮೈದಾನಕ್ಕೆ ಕರೆದೊಯ್ಯುವುದು ಅವನ ಕೆಲಸ ಎಂದಳು.

“ಮತ್ತ ಮಗ್ಗ?”

“ಮಗ್ಗ ಎದ್ದ ಓಡಿ ಹೋಗೂದಿಲ್ಲ.”

ಪಕ್ಕದಲ್ಲಿ ಶೇಖವ್ವ ಕೆಮ್ಮಿದಳು. ಆ ಕಡೆಯಿಂದ ಸೋಮಲಿಂಗ ಹೂಂ ಅಂದ. ಮೂರು ಪ್ಲೇಟು ಇಡ್ಲಿ ಬಂದವು. ಮಹಾನಂದಾ ಅತ್ತೆ, ಮಗ ಇಬ್ಬರದೂ ಆಗಲೆಂದು ಕಾಯದೆ, ಮೊದಲು ತನ್ನದನ್ನು ಎಳೆದುಕೊಂಡು ಬಿಸಿಬಿಸಿಯಾಗಿ ತಿಂದಳು. ಮುಗಿಸಿ, ತಟ್ಟೆ ಸರಿಸಿ, ತನಗೇ ಇನ್ನೊಂದು ಪ್ಲೇಟು ತರಲು ಹೇಳಿದಳು.