ಮೂರನೇ ಸಲದ ಚೀಟಿ

"ಒಂದು ಎತ್ತಿಕೊಡಿ ಅಜ್ಜಿ" ಎಂದು ಬೈಬಲಿನ ಮೇಲೆ ಎರಡು ಚೀಟಿ ಇಟ್ಟು ಚಾಚಿದೆ. ಅರಸೀಕೆರೆಯ ನಮ್ಮ ಚರ್ಚಿನಲ್ಲಿ ಭಾನುವಾರದ ಆರಾಧನೆ ಮುಗಿದು, ರೀತಮ್ಮಜ್ಜಿ ಕಸ ಗುಡಿಸುತ್ತಿದ್ದರು. ಜಾವಗಲ್‌ನಲ್ಲಿ ಹಾಸಿಗೆ ಹಿಡಿದಿದ್ದ ಅಕ್ಕನನ್ನು ಮನೆಗೆ ಕರೆತರಬೇಕೋ ಬೇಡವೋ, ದೇವರೇ ಹೇಳಲಿ ಎಂದುಕೊಂಡಿದ್ದೆ.

"ಇದು ಎಷ್ಟನೇ ಸಲ?"

"ಮೂರನೇದು. ಎರಡು ಸಲವೂ 'ಕರೆದುಕೊಂಡು ಬಾ' ಅಂತಲೇ ಬಂತು."

ಅಜ್ಜಿ ಕೈಯಲ್ಲಿದ್ದ ಪೊರಕೆ ಬಿಡಲಿಲ್ಲ. "ಹಂಗಾದ್ರೆ ದೇವ್ರು ಹೇಳಾಗೈತೆ ಕಣವ್ವ. ನಿಂಗೆ ಬೇಕಾಗಿರೋದು ಉತ್ರ ಅಲ್ಲ, ತಪ್ಪಿಸ್ಕೊಳ್ಳಾಕೆ ಒಂದು ದಾರಿ."

ತಲೆ ತಗ್ಗಿಸಿಕೊಂಡು ನೇರ ಬಸ್‌ಸ್ಟ್ಯಾಂಡಿಗೆ ಹೋದೆ.

ಅಕ್ಕ ಈಗ ನಮ್ಮ ನಡುಮನೆಯಲ್ಲಿದ್ದಾಳೆ. "ನನ್ನ ತಂಗಿ ಒಂದು ಗಳಿಗೆ ಯೋಚ್ನೆ ಮಾಡ್ದೆ ಕರ್ಕೊಂಡ್ ಬಂದ್ಲು" ಎಂದು ಬಂದವರಿಗೆಲ್ಲ ಹೇಳುತ್ತಾಳೆ. ಚೀಟಿಯ ವಿಷಯ ಅವಳಿಗೆ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.