ಮುಯ್ಯಾಳುಗಳ ವಿಶ್ವವಿದ್ಯಾನಿಲಯ

ವಿಶ್ವವಿದ್ಯಾನಿಲಯ ಎಂಬ ಪದವನ್ನು ನಾನು ಮೊದಲು ನೋಡಿದ್ದು ಹೈಸ್ಕೂಲಿನ ಕಪ್ಪುಹಲಗೆಯ ಮೇಲೆ. ಮೇಷ್ಟ್ರು ದೊಡ್ಡ ಅಕ್ಷರದಲ್ಲಿ ಬರೆಯುತ್ತಾ ಹೋದರು, ಪದ ಹಲಗೆಯ ಈ ತುದಿಯಿಂದ ಆ ತುದಿ ಮುಟ್ಟಿತು. ವಿಶ್ವ ಇದೆ, ವಿದ್ಯೆ ಇದೆ, ಕೊನೆಗೊಂದು ನಿಲಯವೂ ಇದೆ. ಹಾಗಾದರೆ ಪ್ರಪಂಚದ ವಿದ್ಯೆಯನ್ನೆಲ್ಲ ತಂದು, ಮೂಟೆ ಕಟ್ಟಿ, ಒಂದರ ಮೇಲೊಂದು ಪೇರಿಸಿಟ್ಟ ಭಾರಿ ಗೋಡೌನು ಎಂದುಕೊಂಡೆ. ನಾನು ಆವರೆಗೆ ನೋಡಿದ್ದ ಅತಿ ದೊಡ್ಡ ಕಟ್ಟಡವೆಂದರೆ ಸೋಮವಾರಪೇಟೆಯ ಕಾಫಿ ಗೋಡೌನು. ಹಾಗಾಗಿ ನನ್ನ ಕನಸಿನ ವಿಶ್ವವಿದ್ಯಾನಿಲಯದಲ್ಲಿ ಒಣಗಿದ ಕಾಫಿಯ ವಾಸನೆ ಇರುತ್ತಿತ್ತು, ತಗಡಿನ ಸೂರಿನ ಸಂದಿಯಿಂದ ಬಿಸಿಲಿನ ಒಂದು ಕೋಲು ಇಳಿದಿರುತ್ತಿತ್ತು. ಅದರೊಳಗೆ ನಾನು ಬರಿಗಾಲಲ್ಲಿ ಓಡಾಡುತ್ತಿದ್ದೆ.

ಅಲ್ಲಿಗೆ ಹೋಗುವ ದಾರಿ ಮಾತ್ರ ಬಲು ಸುತ್ತುಬಳಸಿನದಾಯಿತು. ಬಿ.ಎ. ಓದುತ್ತಿರುವಾಗಲೇ ಮದುವೆ, ಮದುವೆಯಾಗಿ ಬಂದ ಮನೆಯಲ್ಲಿ ಸಣ್ಣದೊಂದು ಕಾಫಿ ತೋಟ, ಆಮೇಲೆ ತೋಟವೇ ನಾನು, ನಾನೇ ತೋಟ. ಉಳಿದ ಬಿ.ಎ.ಯನ್ನು ಅಂಚೆಯಲ್ಲಿ ಬರುವ ಪಾಠದ ಪುಸ್ತಕ ಓದಿ ಮುಗಿಸಿದೆ. ಯಜಮಾನರು ತೀರಿಕೊಂಡ ಮೇಲೆ ಸಂಜೆಗಳು ವಿಪರೀತ ಉದ್ದವಾದವು. ಐವತ್ತು ದಾಟಿದವಳು ಹಟ ಹಿಡಿದು ಇತಿಹಾಸದ ಎಂ.ಎ.ಗೆ ಕಟ್ಟಿದೆ. ಎಲ್ಲ ಪತ್ರಿಕೆಗಳೂ ಮುಗಿದು ಮಧ್ಯಯುಗದ ಯುರೋಪು ಒಂದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಅದಕ್ಕೆ ಹೋದ ಜನವರಿಯೇ ಕೊನೆಯ ಅವಕಾಶ. ಆಗ ಬರೆಯದಿದ್ದರೆ ಹೆಸರು ತೆಗೆದುಹಾಕುತ್ತಾರೆ, ಮತ್ತೆ ಮೊದಲಿನಿಂದ ಸೇರಬೇಕು ಎಂದು ತಿಳಿಸಿದ್ದರು. ಮೊದಲಿನಿಂದ ಶುರುಮಾಡುವ ವಯಸ್ಸು ನನ್ನದಾಗಿರಲಿಲ್ಲ. ಆ ಪದವಿ ನನಗೆ ಬೇಕಿತ್ತು. ಯಾಕೆ ಎಂದು ಕೇಳಿದವರಿಗೆಲ್ಲ ಒಂದೊಂದು ಸುಳ್ಳು ಹೇಳುತ್ತಿದ್ದೆ. ನಿಜವಾಗಿ, ಬೇಕು ಅನ್ನಿಸಿತ್ತು, ಅಷ್ಟೆ.

ಜನವರಿ ಎಂದರೆ ನಮ್ಮ ಕಡೆ ಕಾಫಿ ಕುಯ್ಲು. ಕೂಲಿಗೆ ಆಳು ಸಿಗುವುದು ಕಷ್ಟವಾದ ಮೇಲೆ ನಮ್ಮಂಥ ಸಣ್ಣ ತೋಟದ ಹೆಂಗಸರು ಮುಯ್ಯಾಳಿಗೆ ತಿರುಗಿಕೊಂಡಿದ್ದೆವು. ಇವತ್ತು ನೀವು ನನ್ನ ತೋಟಕ್ಕೆ ಬನ್ನಿ, ನಾಳೆ ನಾನು ನಿಮ್ಮ ತೋಟಕ್ಕೆ ಬರುತ್ತೇನೆ, ಅದೇ ಮುಯ್ಯಾಳು. ನಾಟಿಗದ್ದೆಯಲ್ಲಿ ಹಿಂದಿನಿಂದ ಇದ್ದದ್ದನ್ನು ತೋಟಕ್ಕೆ ಹತ್ತಿಸಿಕೊಂಡೆವು. ಇದಕ್ಕೆ ಬರೆದಿಟ್ಟ ಕಾನೂನಿಲ್ಲ, ಮೀರುವ ಹಾಗೂ ಇಲ್ಲ. ಯಾರ ದಿನವೋ ಆ ಮನೆಯವಳು ಸಾಲಿನ ಮುಂದಿರಬೇಕು. ಅವಳು ಕಾಲಿಡದ ಕಡೆ ಮುಯ್ಯಾಳು ಕಾಲಿಡುವುದಿಲ್ಲ, ಇಟ್ಟರೆ ಅದು ಕೂಲಿಯಾಗುತ್ತದೆ. ಎಂಥ ಕೆಲಸ ಪಡೆದಿದ್ದೀಯೋ ಅಂಥದ್ದನ್ನೇ ವಾಪಸು ಕೊಡಬೇಕು. ಹಣ್ಣು ಕುಯ್ದುಕೊಟ್ಟವಳಿಗೆ ಸೌದೆ ಒಡೆದುಕೊಟ್ಟು ತಪ್ಪಿಸಿಕೊಳ್ಳುವ ಹಾಗಿಲ್ಲ.

ನಮ್ಮ ಕೂಟದಲ್ಲಿ ಇದ್ದದ್ದು ನಾಲ್ವರು. ಮೇಲಿನ ಮನೆಯ ದೊಡ್ಡಮ್ಮ, ನೆಂಟಸ್ತಿಕೆಯಿಂದಲ್ಲ, ಊರಿಗೆಲ್ಲ ಅವರು ದೊಡ್ಡಮ್ಮನೇ. ಅರವತ್ತೈದರ ಆಚೆಯವರು, ಗದರುವುದರಲ್ಲಿ ಎಲ್ಲರಿಗಿಂತ ಚುರುಕು. ಕೆಳಗಿನ ಮನೆಯ ಇಬ್ಬರು ಓರಗಿತ್ತಿಯರು, ತಮ್ಮತಮ್ಮಲ್ಲಿ ಮನೆಮಾತಾದ ಅರೆಭಾಷೆಯಲ್ಲಿ ಜಗಳವಾಡಿ, ನಮ್ಮ ಕಡೆ ತಿರುಗಿ ಕನ್ನಡದಲ್ಲಿ ನಗುವವರು. ಮತ್ತೆ ನಾನು.

ಬೆಳಗಿನ ಮಂಜಿನಲ್ಲಿ ಕಾಫಿ ಕುಯ್ಯುವವರಿಗೆ ಒಬ್ಬರಿಗೊಬ್ಬರು ಕಾಣುವುದಿಲ್ಲ. ಎಲ್ಲೋ ಗಿಡದ ಒಂದು ರೆಕ್ಕೆ, ಅಂದರೆ ಕೊಂಬೆ, ಅಲುಗುತ್ತದೆ, ಸೊಂಟದ ಚೀಲಕ್ಕೆ ಹಣ್ಣು ಬೀಳುವ ಸದ್ದು ಕೇಳುತ್ತದೆ, ಗಿಡದೊಳಗಿಂದ ಮಾತು ಬರುತ್ತದೆ. ನಾನು ಪಾಠವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಕುಯ್ಯುತ್ತಿದ್ದೆ, ಇಲ್ಲದಿದ್ದರೆ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಮೊದಮೊದಲು ಉಳಿದವರು ನಗುತ್ತಿದ್ದರು. ಆಮೇಲೆ ನಾನು ಒಂದು ದಿನ ಸುಮ್ಮನಿದ್ದರೆ ಗಿಡಗಳೇ ವಿಚಾರಿಸತೊಡಗಿದವು.

"ಯಾಕವ್ವ, ಇವತ್ತು ಪಾಠ ನಿಂತೋಯ್ತು? ಆ ರಾಜನ ಕತೆ ಏನಾಯ್ತು?" ಎಂದು ದೊಡ್ಡಮ್ಮನ ದನಿ.

ಹಾಗೆ ಒಂದು ಬೆಳಿಗ್ಗೆ ವಿಶ್ವವಿದ್ಯಾನಿಲಯದ ಪಾಠ ಬಂತು. ಪುಸ್ತಕ ಓದಿದಾಗಲೇ ನನಗೆ ದಿಗ್ಭ್ರಮೆಯಾಗಿತ್ತು. ಆ ಪದದ ಮೂಲ ಲ್ಯಾಟಿನ್ನಿನ 'ಯೂನಿವರ್ಸಿತಾಸ್' ಅಂತೆ. ಅದರಲ್ಲಿ ನಮ್ಮ ಪದದ ಹಾಗೆ ನಿಲಯವಿಲ್ಲ. ಗೋಡೆಯಿಲ್ಲ, ಸೂರಿಲ್ಲ. ವಿದ್ಯೆ ಕೂಡ ಇಲ್ಲ! ಇರುವುದು 'ಎಲ್ಲರೂ ಒಟ್ಟಾಗಿ' ಎಂಬ ಅರ್ಥ ಮಾತ್ರ. ಒಂದು ಕಸುಬಿನವರು ಸೇರಿ, ಒಬ್ಬರಿಗೊಬ್ಬರು ಮಾತು ಕೊಟ್ಟು ಕಟ್ಟಿಕೊಂಡ ಕೂಟಕ್ಕೆ ಆ ಹೆಸರು. ಕಸುಬು ಯಾವುದಾದರೂ ಆಗಬಹುದಿತ್ತು. ಕಲಿಸುವವರು ಮತ್ತು ಕಲಿಯುವವರು ಕಟ್ಟಿಕೊಂಡದ್ದೂ ಅಂಥದ್ದೇ ಒಂದು ಕೂಟ. ಕಾಲ ಕಳೆದಂತೆ ಉಳಿದ ಕೂಟಗಳಿಗೆಲ್ಲ ಆ ಹೆಸರು ಬಿಟ್ಟುಹೋಗಿ ಇವರದ್ದಕ್ಕೆ ಮಾತ್ರ ಅಂಟಿಕೊಂಡಿತು. ಚಿಕ್ಕಂದಿನಿಂದ ನಾನು ಕಟ್ಟಿಕೊಂಡು ಬಂದ ಗೋಡೌನು ಒಂದೇ ಪುಟದಲ್ಲಿ ಕರಗಿಹೋಗಿತ್ತು. ನನಗೆ ಸ್ವಲ್ಪ ದುಃಖವೂ ಆಯಿತು.

"ಅಲ್ಲಾ, ಕಟ್ಟಡ ಇಲ್ದೆ ಎಲ್ ಕೂತ್ಕೋತಿದ್ರು?" ಎಂದರು ದೊಡ್ಡಮ್ಮ.

"ಬಾಡಿಗೆ ರೂಮ್‌ನಲ್ಲಿ ದೊಡ್ಡಮ್ಮ. ಇಲ್ಲಾಂದ್ರೆ ಚರ್ಚಿನಲ್ಲಿ."

"ಊರೋರು ಜಗಳ ತೆಗೆದ್ರೆ?"

"ಎಲ್ರೂ ಒಟ್ಟಿಗೆ ಎದ್ದು ಬೇರೆ ಊರಿಗೆ ಹೋಗಿಬಿಡ್ತಿದ್ರು. ಯೂನಿವರ್ಸಿಟೀನೇ ನಡ್ಕೊಂಡು ಹೋಗ್ತಿತ್ತು ಅನ್ನಿ."

"ಮೇಷ್ಟ್ರು ಲೇಟಾಗಿ ಬಂದ್ರೆ ಅಕ್ಕ?" ಕಿರಿಯ ಓರಗಿತ್ತಿ ಎರಡು ಗಿಡದಾಚೆಯಿಂದ ಕೇಳಿದಳು.

"ಇಟಲಿಯ ಒಂದೂರಲ್ಲಿ ಹುಡುಗ್ರೇ ಮೇಷ್ಟ್ರಿಗೆ ದಂಡ ಹಾಕ್ತಿದ್ರಂತೆ."

ಇಡೀ ಸಾಲು ನಕ್ಕಿತು. ನಗು ನಿಂತ ಮೇಲೆ ದೊಡ್ಡಮ್ಮ, "ಹಂಗಾರೆ ಅದೂ ಮುಯ್ಯಾಳೇ ಅಲ್ವಾ" ಎಂದರು. ನನ್ನ ಎರಡೂ ಕೈಯಲ್ಲಿ ಹಣ್ಣಿತ್ತು, ಒಂದು ಕೆಂಪಿರುವೆ ಬೇರೆ ತೋಳು ಹತ್ತುತ್ತಿತ್ತು. "ಒಂಥರಾ ಹಂಗೇ" ಎಂದುಬಿಟ್ಟೆ. ಅದು ನೂರಾರು ವರ್ಷ ಹಿಂದಿನ ಸಂಗತಿ, ಈಗಿನ ವ್ಯವಸ್ಥೆಯೇ ಬೇರೆ ಎಂದು ವಿವರಿಸುವ ಗೋಜಿಗೆ ಹೋಗಲಿಲ್ಲ.

ಆವತ್ತು ಮಧ್ಯಾಹ್ನದವರೆಗೂ ಮಂಜು ಬಿಡಲಿಲ್ಲ. ಸಿಲ್ವರ್ ಓಕ್ ಮರಗಳ ನಡುವೆ ನನಗೆ ಆ ಹುಡುಗರು ಕಂಡರು. ಉದ್ದ ನಿಲುವಂಗಿ ತೊಟ್ಟು, ಕಂಕುಳಲ್ಲಿ ಒಂದೊಂದು ಪುಸ್ತಕ ಅವುಚಿಕೊಂಡು, ಒಂದು ಊರು ಬಿಟ್ಟು ಇನ್ನೊಂದು ಊರಿಗೆ ಹೋಗುವವರು ದಾರಿ ತಪ್ಪಿ ನಮ್ಮ ತೋಟಕ್ಕೆ ಬಂದಿದ್ದರು. ಮೆಣಸಿನ ಬಳ್ಳಿಯನ್ನು ಮುಟ್ಟಿ ನೋಡಿದರು, ಕಿತ್ತಳೆ ಹಣ್ಣು ಕಿತ್ತರು, ತಮ್ಮತಮ್ಮಲ್ಲಿ ಏನೋ ವಾದ ಮಾಡುತ್ತಾ ಬೇಲಿ ದಾಟಿದರು. ಹಿಂದೆ ಬಿದ್ದ ಒಬ್ಬ ಮುದಿ ಗುರು ಚಪ್ಪಲಿ ಕೈಯಲ್ಲಿ ಹಿಡಿದು ಓಡುತ್ತಿದ್ದ, ಪಾಪ, ದಂಡದ ಭಯ. ನಾನು ಕೈ ಆಡಿಸುವುದನ್ನೂ ಮರೆತು ನಿಂತಿದ್ದೆ. "ನಿದ್ದೆ ಹೊಡೀತಿದೀಯಾ?" ಎಂದು ದೊಡ್ಡಮ್ಮ ಗದರಿದ ಮೇಲೆ ಎಚ್ಚರವಾಯಿತು.

ಅದಾದ ಸ್ವಲ್ಪ ದಿನಕ್ಕೆ ಪರೀಕ್ಷೆ ಮುಂದಕ್ಕೆ ಹೋಯಿತೆಂದು ಫೋನಿಗೆ ಸಂದೇಶ ಬಂತು. ಹೊಸ ತಾರೀಖನ್ನು ಎರಡೆರಡು ಸಲ ಓದಿದೆ. ಮುಯ್ಯಾಳಿನಲ್ಲಿ ಅದು ನನ್ನ ದಿನ. ನನ್ನ ಗಿಡಗಳಲ್ಲಿ ಹಣ್ಣು ಕಪ್ಪಾಗುವಷ್ಟು ಬಲಿತಿತ್ತು, ಅಕಾಲ ಮಳೆಯ ಸುದ್ದಿ ಟಿ.ವಿ.ಯಲ್ಲಿ ಬರುತ್ತಿತ್ತು. ಉಳಿದವರ ತೋಟವೂ ಹಣ್ಣಾಗಿ ನಿಂತದ್ದರಿಂದ ಸರದಿ ಬದಲಿಸಿ ಎಂದು ಕೇಳಲು ನಾಲಿಗೆ ಬರಲಿಲ್ಲ. ಪರೀಕ್ಷೆ ಬಿಟ್ಟರೆ ಎಂ.ಎ. ಹೋಯಿತು, ತೋಟ ಬಿಟ್ಟರೆ ವರ್ಷದ ಫಸಲು. ಕೊನೆಗೆ ದೊಡ್ಡಮ್ಮನ ಜಗಲಿಯಲ್ಲಿ ಕುಳಿತು ಹೇಳಿಕೊಂಡೆ. ಹೇಳುವಾಗ ಅಳು ಬಂತು.

ಅವರು ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದರು. "ನೀ ಹೋಗು. ನಿನ್ ದಿನ ನಿಂಗೇ ಸಿಕ್ತದೆ. ನಾವಿಲ್ವಾ?" ಎಂದರು. ಅಂದರೆ ನಾನಿಲ್ಲದಿದ್ದರೂ ಈ ಒಂದು ಸಲ ಕುಯ್ದುಕೊಡುತ್ತಾರೆ ಎಂದು ತಿಳಿದು, ಅವರ ಕಾಲು ಮುಟ್ಟಿ ಬಂದೆ.

ಪರೀಕ್ಷೆ ಮಡಿಕೇರಿಯ ಒಂದು ಕಾಲೇಜಿನಲ್ಲಿ. ಮೊದಲ ಬಸ್ಸಿಗೇ ಹೋದೆ. ಮೇಲಿನ ಮಹಡಿ, ಕಿಟಕಿ ಪಕ್ಕದ ಬೆಂಚು. ನನ್ನ ಹಿಂದೆ ಮುಂದೆ ಮಕ್ಕಳ ವಯಸ್ಸಿನವರು. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಒಮ್ಮೆ ಹೊರಗೆ ನೋಡಿದೆ. ಗೇಟಿನಾಚೆ, ರಸ್ತೆ ಬದಿಯ ಮರದ ಕೆಳಗೆ ಮೂವರು ಹೆಂಗಸರು ಕುಳಿತಿದ್ದರು. ತಲೆಗೆ ಕುಯ್ಲಿನ ಬಟ್ಟೆ ಕಟ್ಟಿಕೊಂಡಿದ್ದರು. ಒಬ್ಬರು ವಾಚ್‌ಮನ್ನಿನ ಕಡೆ ಬೆರಳು ಮಾಡಿ ಏನೋ ದಬಾಯಿಸುತ್ತಿದ್ದರು. ಆ ಬೆರಳನ್ನು ನಾನು ಎಷ್ಟು ದೂರದಿಂದಲಾದರೂ ಗುರುತು ಹಿಡಿಯುತ್ತೇನೆ.

ನನಗೆ ಬಂದದ್ದು ಉರಿಯುವ ಸಿಟ್ಟು. ಇವರು ಇಲ್ಲಿದ್ದರೆ ನನ್ನ ಕಾಫಿ ಯಾರು ಕುಯ್ಯುತ್ತಿದ್ದಾರೆ? ನಮ್ಮೂರಿನ ಕಡೆ ಆಕಾಶ ಕಪ್ಪಗಿದೆ, ಇವರಿಗೆ ಮಡಿಕೇರಿ ನೋಡುವ ಶೋಕಿ ಇವತ್ತೇ ಬರಬೇಕೆ? ಎದ್ದು ಹೋಗಿ ಬೈದು ಬರೋಣ ಅನ್ನಿಸಿತು. "ಮೇಡಂ, ಹೊರಗಡೆ ನೋಡ್ಬೇಡಿ, ಬರೀರಿ" ಎಂದಳು ಮೇಲ್ವಿಚಾರಕಿ ಹುಡುಗಿ.

ಎರಡನೆಯ ಪುಟದಲ್ಲಿ ಆ ಪ್ರಶ್ನೆ ಇತ್ತು: ಯುರೋಪಿನಲ್ಲಿ ವಿಶ್ವವಿದ್ಯಾನಿಲಯಗಳ ಹುಟ್ಟನ್ನು ವಿವರಿಸಿ. ಕಂಠಪಾಠವಾಗಿದ್ದ ಉತ್ತರವನ್ನು ಸಿಟ್ಟಿನಲ್ಲೇ ಬರೆಯತೊಡಗಿದೆ. ಆ ಪದಕ್ಕೆ ಮೊದಲಿಗೆ ಕಟ್ಟಡದ ಅರ್ಥವಿರಲಿಲ್ಲ. ಒಬ್ಬರಿಗೊಬ್ಬರು ಮಾತು ಕೊಟ್ಟವರ ಕೂಟಕ್ಕೆ ಆ ಹೆಸರಿತ್ತು. ಅವರು ಎಲ್ಲಿ ಹೋದರೆ ಅದೂ ಅಲ್ಲಿಗೆ ಹೋಗುತ್ತಿತ್ತು. ಅಷ್ಟು ಬರೆದು ಪೆನ್ನು ನಿಂತಿತು. ಮನೆಯವಳು ಎಲ್ಲಿ ಕೆಲಸಕ್ಕೆ ಇಳಿಯುತ್ತಾಳೋ ಮುಯ್ಯಾಳು ಅಲ್ಲಿಗೆ ಬರುತ್ತದೆ. ನನ್ನ ದಿನ ನನಗೆ ಸಿಗುತ್ತದೆ ಎಂದು ಅವರು ಹೇಳಿದ್ದು ಅಕ್ಷರಶಃ ಅದನ್ನೇ. ಅರ್ಥವಾದ ಕೂಡಲೇ ಕಣ್ಣು ಮಂಜಾಗಿ ಸಾಲು ಸೊಟ್ಟಗಾಯಿತು. ಆಮೇಲೆ ಎಷ್ಟು ಬರೆದೆನೋ ಗೊತ್ತಿಲ್ಲ. ಗಿಡದ ಮರೆಯಲ್ಲಿರುವವರಿಗೆ ಕೇಳಲಿ ಎಂದು ಗಟ್ಟಿಯಾಗಿ ಹೇಳುವ ಹಾಗೆಯೇ ಬರೆದೆ.

ಹೊರಗೆ ಬಂದವಳು ಮಾತ್ರ ಬೈಯುವುದನ್ನು ಬಿಡಲಿಲ್ಲ. "ನನ್ ಕಾಫಿ ಯಾರ್ ಕುಯ್ತಿದಾರೆ ದೊಡ್ಡಮ್ಮ?"

"ನೀನಿಲ್ದೆ ನಿನ್ ತೋಟಕ್ಕೆ ಹೆಂಗವ್ವ ಇಳಿಯದು? ನಿನ್ ಕೆಲ್ಸ ಇಲ್ಲಿತ್ತು, ಇಲ್ಲಿಗ್ ಬಂದ್ವಿ. ಎಲ್ರೂ ಒಟ್ಟಿಗೆ ಅಂತ ನೀನೇ ಅಲ್ವಾ ಹೇಳಿದ್ದು?" ಅವರಿಗೂ ಸಿಟ್ಟು ಬಂದಿತ್ತು. "ಒಳಗೇ ಬಿಡ್ನಿಲ್ಲ ಆ ವಾಚ್‌ಮನ್ನು. ಹಾಲ್ ಟಿಕೆಟ್ ಎಲ್ಲಿ ಅಂದ. ನಾವು ಮುಯ್ಯಾಳು ಕಣಪ್ಪ ಅಂದೆ. ಅವ್ನಿಗ್ ಅದೂ ಗೊತ್ತಿಲ್ಲ."

ಓರಗಿತ್ತಿಯರು ಕುಯ್ಲಿನ ಚೀಲದಿಂದ ಅಕ್ಕಿರೊಟ್ಟಿ, ಚಟ್ನಿ ತೆಗೆದರು. ಅದೇ ಮರದ ಕೆಳಗೆ ಕುಳಿತು ತಿಂದೆವು. ತಿನ್ನುತ್ತಾ ದೊಡ್ಡಮ್ಮ ಕೇಳಿದರು, "ನಮ್ದು ಬಂದಿತ್ತಾ?"

"ಬಂದಿತ್ತು."

"ಏನ್ ಬರೆದ್ವಿ?"

ಬಸ್ಸಿನಲ್ಲಿ ಬರುವಾಗ ಪೂರ್ತಿ ಉತ್ತರ ಹೇಳಿದೆ. ದಾರಿ ತಿರುಗಿ ತಿರುಗಿ ಇಳಿಯುತ್ತಿತ್ತು, ಸಂಜೆಯ ಬಿಸಿಲು ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಓರಗಿತ್ತಿಯರು ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ನಿದ್ದೆ ಹೋದರು. ನನ್ನ ಮಾತೂ ಅರ್ಧ ನಿದ್ದೆಯಲ್ಲೇ ನಡೆದಿತ್ತು. ಎಲ್ಲಿ ಇಟಲಿ ಮುಗಿದು ಎಲ್ಲಿ ನಮ್ಮ ಗಿಡಗಳು ಶುರುವಾದವೋ ತಿಳಿಯಲಿಲ್ಲ.

ಮಳೆ ನಮಗಾಗಿ ಕಾಯಲಿಲ್ಲ. ಆ ರಾತ್ರಿಯೇ ಹೊಡೆದು ನನ್ನ ಹಣ್ಣಿನಲ್ಲಿ ಅರ್ಧಕ್ಕರ್ಧ ನೆಲ ಕಂಡಿತು. ಕೆಲವು ವಾರಗಳ ನಂತರ ಫಲಿತಾಂಶ ಬಂತು, ದಡ ಮುಟ್ಟಿದ್ದೆ. ಆದರೆ ಮಳೆಯ ಮರುದಿನ ಅದು ಗೊತ್ತಿರಲಿಲ್ಲ. ಒದ್ದೆ ತರಗಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ನಾಲ್ವರೂ ಉದುರಿದ ಹಣ್ಣು ಆರಿಸುತ್ತಿದ್ದೆವು. ಕರೆಯದೆ ಬಂದಿದ್ದರು. ನನಗೆ ಋಣ ಮೈಮೇಲೆ ಹೊತ್ತ ಹಾಗಾಗಿತ್ತು.

"ನಿನ್ನೆ ದಿನದ್ದಕ್ಕೆ ನಿಮ್ಮೆಲ್ಲರ ತೋಟಕ್ಕೂ ಬಂದು ತೀರಿಸ್ತೀನಿ ದೊಡ್ಡಮ್ಮ" ಎಂದೆ.

"ಅದೆಂಗಾಯ್ತದೆ? ನಾವ್ ಬಂದಿದ್ದು ತೋಟಕ್ಕಲ್ಲ, ಪರೀಕ್ಷೆಗೆ."

"ಮತ್ತೆ ಹೆಂಗ್ ತೀರಿಸ್ಲಿ?"

ಅವರು ಒಂದು ಹಣ್ಣಿನ ಮಣ್ಣನ್ನು ಸೆರಗಿನಲ್ಲಿ ಒರೆಸಿದರು, ಮತ್ತೆ ಒರೆಸಿದರು. ಇಷ್ಟು ವರ್ಷದಲ್ಲಿ ಅವರು ಮಾತಿಗೆ ತಡವರಿಸಿದ್ದನ್ನು ನಾನು ನೋಡಿರಲಿಲ್ಲ.

"ನಂಗೆ ನಾಲ್ಕನೇ ಕ್ಲಾಸಿಗೇ ಸ್ಕೂಲ್ ಬಿಡಿಸಿಬಿಟ್ರು" ಎಂದರು ನೆಲ ನೋಡುತ್ತಲೇ. "ನಂಗೂ ಒಂದು ಪರೀಕ್ಷೆ ನೋಡವ್ವ. ಯಾವ್ದಾದ್ರೂ ಆಗ್ಲಿ. ನೀನು ಬಂದು ಗೇಟ್ ಹತ್ರ ಕೂತ್ಕೋ."